ಹಿಂದಿನ ಡೋರು ಬದಲಾಯಿಸಿದರೆ ಸದ್ದು ನಿಲ್ಲುತ್ತಾ?

ಟೊಮೆಟೊ ಸೀಸನ್ ಹತ್ತಿರ ಬಂತೆಂದರೆ ಕೋಲಾರದಲ್ಲಿ ನಮ್ಮಂಥ ಬಾಡಿ ಕಟ್ಟುವವರ ಶಾಪಿಗೆ ಒಂದೇ ಮಾತು ಬರುತ್ತದೆ. "ಅಣ್ಣ, ಹಿಂದ್ಗಡೆ ಡೋರು ಹೋಗ್ಬಿಟ್ಟೈತೆ. ಹೊಸದೊಂದು ಹಾಕ್ಬುಡಿ. ಮಿಕ್ಕಿದ್ದೆಲ್ಲ ಗಟ್ಟಿಗೈತೆ." ಪಿಕಪ್ಪಿನವರೂ ಇದನ್ನೇ ಹೇಳುತ್ತಾರೆ, ಟ್ರ್ಯಾಕ್ಟರ್ ಟ್ರೈಲರಿನವರೂ ಇದನ್ನೇ. ಡೋರಿನ ಮಾತು ಇರಲಿ, ಆ ಕೊನೆಯ ಮಾತು ಕೇಳಿದರೆ ಈಗೀಗ ನನಗೆ ಮೈ ಉರಿಯುತ್ತದೆ. ಗಟ್ಟಿಗಿದೆ ಎಂದು ನೋಡಿದವರು ಯಾರು?

ಡೋರು ಸವೆಯುವುದು ಕಡಿಮೆ. ಬಗ್ಗುತ್ತದೆ, ತುಕ್ಕು ಹಿಡಿಯುತ್ತದೆ, ಬಾಕ್ಸ್ ಬಡಿದು ತಗ್ಗು ಬೀಳುತ್ತದೆ. ಅದೆಲ್ಲ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಗಾಡಿಯವರಿಗೆ ಅದೇ ರೋಗ. ನಿಜವಾಗಿ ಸವೆಯುವುದು ಡೋರು ಯಾವುದರ ಮೇಲೆ ತಿರುಗುತ್ತದೋ ಅದು: ಹಿಂಜಿನ (ಕೀಲಿನ) ಪಿನ್ನು, ಪಿನ್ನು ಕೂರುವ ಕಿವಿಯ, ಅಂದರೆ ಪ್ಲೇಟಿನ, ತೂತು, ಆ ಕಿವಿಯನ್ನು ಹೊತ್ತಿರುವ ಕೊನೆಯ ಕ್ರಾಸ್ ಮೆಂಬರು, ಅಂದರೆ ಬಾಡಿಯ ತಳದ ಹಿಂದಿನ ಅಡ್ಡ ಕಬ್ಬಿಣ. ಮೂರೂ ಡೋರಿನ ಬುಡದಲ್ಲಿ ಮಣ್ಣು ಮೆತ್ತಿಕೊಂಡು ಕೂತಿರುತ್ತವೆ. ಬಗ್ಗಿ ನೋಡದಿದ್ದರೆ ಕಾಣುವುದಿಲ್ಲ, ಬಗ್ಗಿ ನೋಡುವವರಿಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರಾದರೂ ಓದಿ. 16 ಎಂಎಂ ಪಿನ್ನು ಎಂದುಕೊಳ್ಳಿ. ಹೊಸದರಲ್ಲಿ ತೂತು ಅದಕ್ಕಿಂತ ಅರ್ಧ ಎಂಎಂ ದೊಡ್ಡದಿರುತ್ತದೆ, ಅಷ್ಟು ಬೇಕು. ಡೋರಿನ ಭಾರ ಯಾವಾಗಲೂ ಒಂದೇ ಕಡೆಗೆ ಬೀಳುವುದರಿಂದ ತೂತು ಸುತ್ತಲೂ ಸಮನಾಗಿ ಸವೆಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಉದ್ದವಾಗಿ ಮೊಟ್ಟೆಯಾಕಾರ ಆಗುತ್ತದೆ. ಅಡ್ಡ ಅಳೆದರೆ ಇನ್ನೂ 16.5, ಉದ್ದ ಅಳೆದರೆ 19. ಪಿನ್ನೂ ಒಂದು ಮಗ್ಗುಲಲ್ಲಿ ಸವೆದು 14ಕ್ಕೆ ಬಂದಿರುತ್ತದೆ. ಅಲ್ಲಿಗೆ ಐದು ಎಂಎಂ ಆಟ. ಡೋರು ಅಷ್ಟು ಕೆಳಕ್ಕೆ ಕೂತಿತು, ಮೇಲಿನ ಕೊಂಡಿ ತನ್ನ ಜಾಗಕ್ಕೆ ಸಿಗುವುದಿಲ್ಲ. ಡ್ರೈವರು ರಸ್ತೆ ಬದಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಕೊಂಡಿಯನ್ನು ಬಡಿದು ಕೂರಿಸುತ್ತಾನೆ, ಕೊಂಡಿಯೂ ಬಗ್ಗುತ್ತದೆ. ಹಳ್ಳ ಸಿಕ್ಕಾಗೆಲ್ಲ ಡೋರು ಆ ಐದು ಎಂಎಂ ಎದ್ದು ಬೀಳುತ್ತದೆ. ನೀವು ಕೇಳುವ ದಡಬಡ ಸದ್ದು ಅದೇ. ಬಿದ್ದಾಗೆಲ್ಲ ತೂತು ಇನ್ನಷ್ಟು ಹಿಗ್ಗುತ್ತದೆ.

ಈಗ ಇದಕ್ಕೆ ಹೊಸ ಡೋರು ಹಾಕುತ್ತೀರಿ. ಅದೂ ಹೇಗೆ? "ಹಳೇದು ತೆಳ್ಳಗಿತ್ತಣ್ಣ, ಈ ಸಲ 12 ಗೇಜ್ ಹಾಕಿ" ಎನ್ನುತ್ತೀರಿ. 16 ಗೇಜ್ ಶೀಟು ಸುಮಾರು 1.6 ಎಂಎಂ, 12 ಗೇಜ್ ಸುಮಾರು 2.6. ಶೀಟಿನ ತೂಕವೇ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಅಷ್ಟು ಭಾರವನ್ನು ಅದೇ ಹಿಗ್ಗಿದ ತೂತಿಗೆ ನೇತುಹಾಕಿದರೆ ಬಡಿತ ಮೊದಲಿಗಿಂತ ಜೋರಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅಲ್ಲಾಡುವ ಹಲ್ಲಿಗೆ ಬಂಗಾರದ ಕವಚ ಹಾಕಿಸಿದ ಹಾಗೆ. "ಹಂಗಾದ್ರೆ ಪಿನ್ನೂ ಹೊಸದು ಹಾಕಿ" ಎನ್ನುವವರು ಅರ್ಧ ದಾರಿಗೆ ಬಂದಿದ್ದಾರೆ, ಸಂತೋಷ. ಆದರೆ ಗುಂಡು ಪಿನ್ನು ಮೊಟ್ಟೆಯಾಕಾರದ ತೂತಿನಲ್ಲಿ ಒಂದೇ ಗೆರೆಯಷ್ಟು ಜಾಗದಲ್ಲಿ ಕೂರುತ್ತದೆ. ಅದೂ ಬೇಗ ಸವೆಯುತ್ತದೆ.

ಶ್ರೀನಿವಾಸಪುರದ ಕಡೆಯ ಒಬ್ಬ ಹಿರಿಯರು ಕೋಳಿ ಗೊಬ್ಬರ ಹೊಡೆಯುವ ಟ್ರೈಲರ್ ತಂದಿದ್ದರು. ಗುಜರಿಯಲ್ಲಿ ಒಂದು ಡೋರನ್ನೂ ಕೊಂಡು, ಅದೇ ಟ್ರೈಲರಿನಲ್ಲಿ ಮಲಗಿಸಿಕೊಂಡು ಬಂದಿದ್ದರು. "ಅರ್ಧ ಗಂಟೆ ಕೆಲ್ಸ ಮೇಸ್ತ್ರಿ, ಎರಡು ಟ್ಯಾಕ್ ಹೊಡ್ದು ಕಳ್ಸಪ್ಪ." ಟ್ಯಾಕ್ ಎಂದರೆ ಚುಕ್ಕೆಯಷ್ಟು ವೆಲ್ಡಿಂಗ್. ಹಿಂದಿನ ಚಾನಲ್ಲಿಗೆ, ಅಂದರೆ ಆ ಕೊನೆಯ ಕ್ರಾಸ್ ಮೆಂಬರಿಗೆ, ಹಸಿರು ಪೇಂಟು ಪಳಪಳ ಹೊಳೆಯುತ್ತಿತ್ತು. ನಾನು ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ಪೇಂಟಿನ ಚರ್ಮ ಒಡೆದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಹಪ್ಪಳದಂತೆ ಪದರ ಪದರ ತುಕ್ಕು ಉದುರಿ ಅವರ ಚಪ್ಪಲಿಯ ಮೇಲೆ ಬಿತ್ತು. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. "ಹೋದ್ವರ್ಷ ತಾನೇ ಪೇಂಟ್ ಹೊಡ್ಸಿದ್ನಲ್ಲಪ್ಪ?" ನಗಬಾರದು, ಆದರೂ ನಗು ಬಂತು. ಕೋಳಿ ಗೊಬ್ಬರದಲ್ಲಿ ತೇವವಿದೆ, ಅಮೋನಿಯಾ ಇದೆ, ಉಪ್ಪಿನಂಶವಿದೆ. ಯೂರಿಯಾ ಚೀಲದಿಂದ ಸೋರುವುದೂ ಹಾಗೆಯೇ. ತುಕ್ಕಿನ ಮೇಲೆ ಪೇಂಟು ಹೊಡೆದರೆ ತುಕ್ಕು ಕಾಣುವುದು ನಿಲ್ಲುತ್ತದೆ, ತಿನ್ನುವುದು ನಿಲ್ಲುವುದಿಲ್ಲ. ಅರ್ಧ ಗಂಟೆ ಎಂದು ಬಂದವರು ಸಂಜೆಯವರೆಗೂ ಟೈರಿನ ಮೇಲೆ ಕೂತು ಒಂದೊಂದು ವೆಲ್ಡಿಂಗಿಗೂ ಲೆಕ್ಕ ಕೇಳಿದರು. ಹೊರಡುವಾಗ ಗುಜರಿ ಡೋರನ್ನು ನನಗೇ ಮಾರಲು ನೋಡಿದರು! ಇಂಥ ಗಿರಾಕಿಗಳು ಇಲ್ಲದಿದ್ದರೆ ಈ ಕೆಲಸ ಬಲು ಬೇಸರ.

ನೀವೇ ನೋಡಿಕೊಳ್ಳಬಹುದು. ಗಾಡಿ ಖಾಲಿ ಮಾಡಿ, ಕೊಂಡಿ ಬಿಚ್ಚಿ, ಡೋರನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ಮೇಲಕ್ಕೆ ಎತ್ತಿ. ಒಬ್ಬರು ಎತ್ತಲಿ, ಇನ್ನೊಬ್ಬರು ಬಗ್ಗಿ ಹಿಂಜನ್ನು ನೋಡಲಿ. ಎರಡು ಎಂಎಂಗಿಂತ ಹೆಚ್ಚು ಎದ್ದರೆ ತೂತಿನ ಕೆಲಸವಿದೆ ಎಂದುಕೊಳ್ಳಿ. ಆಮೇಲೆ ಚಾನಲ್ಲಿನ ಮಣ್ಣನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸಣ್ಣ ಸುತ್ತಿಗೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟುತ್ತಾ ಹೋಗಿ. ಒಳ್ಳೆಯ ಕಬ್ಬಿಣ ಠಣ್ ಎನ್ನುತ್ತದೆ, ತಿಂದುಹೋಗಿದ್ದು ದಪ್ ಎನ್ನುತ್ತದೆ. ಕೆರೆ ಗೋಡು ಹೊಡೆದ ಗಾಡಿ, ಮಾಲೂರಿನ ಇಟ್ಟಿಗೆ ಹೊತ್ತ ಗಾಡಿಯಾದರೆ ಎರಡೂ ತುದಿಗಳಲ್ಲಿ ಜಾಸ್ತಿ ತಟ್ಟಿ.

ರಿಪೇರಿ ಗಾಡಿ ನೋಡಿಯೇ ಹೇಳಬೇಕು, ಸಾಮಾನ್ಯವಾಗಿ ಎರಡು ದಾರಿ. ಕಿವಿಯ ಪ್ಲೇಟು ಗಟ್ಟಿಯಿದ್ದು, ತೂತಿನ ಅಂಚಿನಿಂದ ಪ್ಲೇಟಿನ ಅಂಚಿಗೆ ಕನಿಷ್ಠ ಇನ್ನೊಂದು ತೂತಿನಷ್ಟು ಲೋಹ ಉಳಿಯುವುದಾದರೆ, ತೂತನ್ನು 20ಕ್ಕೆ ಗುಂಡಾಗಿ ಕೊರೆದು 20ರ ಪಿನ್ನು ಹಾಕಬಹುದು. ಅಷ್ಟು ಲೋಹ ಇಲ್ಲದಿದ್ದರೆ ಕಿವಿಯನ್ನೇ ಕತ್ತರಿಸಿ ಹೊಸದು ಕಟ್ಟಿ, ತೂತಿನೊಳಗೆ ಬುಷ್, ಅಂದರೆ ಪಿನ್ನು ಕೂರುವ ಸಣ್ಣ ಕೊಳವೆ, ಕೂರಿಸುವುದು ಒಳ್ಳೆಯದು. ಮುಂದೆ ಸವೆದರೆ ಬುಷ್ ಮಾತ್ರ ಸವೆಯಲಿ, ಅದನ್ನು ಬದಲಿಸುವುದು ಸುಲಭ. ಕ್ರಾಸ್ ಮೆಂಬರು ಕೊಳೆತಿದ್ದರೆ ಮೊದಲು ಅದು, ಆಮೇಲೆ ಕಿವಿ, ಡೋರು ಕೊನೆಗೆ.

ಮೂರು ಹಿಂಜಿದ್ದರೆ ಮೂರೂ ಒಂದೇ ಗೆರೆಯಲ್ಲಿರಬೇಕು. ಮೂರಕ್ಕೂ ಸೇರಿ ಉದ್ದನೆಯ ನೆಟ್ಟಗಿನ ಒಂದೇ ರಾಡು ತೂರಿಸಿ, ಟ್ಯಾಕ್ ಮಾತ್ರ ಹೊಡೆದು, ಡೋರನ್ನು ಪೂರ್ತಿ ಇಳಿಸಿ ಎತ್ತಿ ನೋಡಿ, ಆಮೇಲೆ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ವೆಲ್ಡ್ ಮಾಡಬೇಕು. ಒಂದೇ ಕಡೆ ಉದ್ದಕ್ಕೆ ಹೊಡೆದರೆ ಆರುವಾಗ ವೆಲ್ಡಿಂಗ್ ಎಳೆಯುತ್ತದೆ, ಗೆರೆ ತಪ್ಪುತ್ತದೆ. ಗೆರೆ ತಪ್ಪಿದ ಡೋರನ್ನು ಇಬ್ಬರು ಸೇರಿ ಎತ್ತಬೇಕಾಗುತ್ತದೆ, ಒಂದು ಪಿನ್ನು ಮಾತ್ರ ಎಲ್ಲರ ಪಾಲಿನ ಭಾರ ಹೊತ್ತು ಬೇಗ ಹೋಗುತ್ತದೆ. "ರಾಡೆಲ್ಲ ಯಾಕಣ್ಣ, ಟೈಮ್ ವೇಸ್ಟು" ಎನ್ನುವವರಿಗೆ ಬೇರೆ ಶಾಪು ತೋರಿಸುತ್ತೇನೆ. ಗ್ರೀಸೂ ಬಳಬಳ ಬಳಿಯಬೇಡಿ. ತೆರೆದ ಪಿನ್ನಿಗೆ ಮೆತ್ತಿದ ಗ್ರೀಸು ನಮ್ಮ ರಸ್ತೆಯ ಧೂಳನ್ನೆಲ್ಲ ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತೇಯುತ್ತದೆ. ಸ್ವಲ್ಪ ಹಾಕಿ, ಹೊರಗೆ ಬಂದಿದ್ದನ್ನು ಒರೆಸಿ.

ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಸಿ, ಅರ್ತ್ ಕ್ಲಾಂಪನ್ನು ಕೆಲಸದ ಪಕ್ಕದಲ್ಲೇ ಹಾಕಿಸಿ. 2020ರ ನಂತರದ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ. ಒಂದು ಕಂಟ್ರೋಲ್ ಯೂನಿಟ್ ಸುಟ್ಟರೆ ಡೋರಿನ ಖರ್ಚು ಏನೂ ಅಲ್ಲ. ಡೋರಿನ ಕೆಳಗಿನ ಪೈಪಿಗೆ ನೀರು ಹೋಗಲು ತೂತು ಬಿಡಿಸಿ, ಒಳಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟು ಹೋಗಲಿ. ಇದೇ ಸಂದರ್ಭದಲ್ಲಿ "ಡೋರು ಒಂದಡಿ ಎತ್ತರ ಮಾಡಿ, ಇನ್ನೊಂದಷ್ಟು ಬಾಕ್ಸ್ ಹಿಡಿಸ್ತದೆ" ಎಂದು ಮಾತ್ರ ಕೇಳಬೇಡಿ. ಬಾಕ್ಸಿಗೆ 15 ಕೆ.ಜಿ. ಎಂದರೂ ನೂರು ಬಾಕ್ಸಿಗೆ ಒಂದೂವರೆ ಟನ್. ಏರು ಹತ್ತುವಾಗ ಅದರಲ್ಲಿ ಒಂದು ಪಾಲು ಡೋರಿಗೆ ಒರಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಒಪ್ಪುವುದಿಲ್ಲ, ಸಿಕ್ಕಿಬಿದ್ದರೆ ಆರ್‌ಟಿಒ ಮುಂದೆ ನಿಲ್ಲುವವರು ನೀವು.

ಇಳಿಸಿದ ಡೋರನ್ನು ಹಿಡಿದಿಡುವ ಚೈನಿನ ಮಾತು ಉಳಿಯಿತು. ಅಂಥ ಡೋರಿನ ಮೇಲೆ ಹಮಾಲಿಗಳು ನಿಲ್ಲುತ್ತಾರೆ. ನಿಲ್ಲಬೇಡಿ ಎಂದರೆ ಟೊಮೆಟೊ ಮಂಡಿಯಲ್ಲಿ ಯಾರೂ ಕೇಳುವುದಿಲ್ಲ, ನಾನೂ ಹೇಳುವುದು ಬಿಟ್ಟಿದ್ದೇನೆ. ಎರಡೂ ಬದಿಯ ಚೈನು ಸಮ ಉದ್ದವಿದ್ದರೆ ಭಾರ ಹಂಚಿಹೋಗುತ್ತದೆ. ಒಂದು ಕಡೆ ತುಂಡಾಗಿದ್ದಕ್ಕೆ ಹಗ್ಗ ಕಟ್ಟಿದ್ದರೆ ಡೋರು ತಿರುಚಿ, ಆ ಬದಿಯ ಹಿಂಜು ಕಿತ್ತು ಬರುತ್ತದೆ. ಡೋರು ಇಳಿಬಿಟ್ಟು ಗಾಡಿ ಓಡಿಸಬೇಡಿ, ಹಿಂದಿನ ಲೈಟೂ ನಂಬರ್ ಪ್ಲೇಟೂ ಮುಚ್ಚಿಹೋಗುತ್ತವೆ.

ಜುಲೈನಲ್ಲಿ ಸಾಯಂಕಾಲ ಗಾಡಿ ತಂದು, ಬೆಳಿಗ್ಗೆ ಮಂಡಿಗೆ ಬೇಕು ಎಂದರೆ ಈ ಕೆಲಸ ಯಾರಿಂದಲೂ ಆಗದು; ಮೇ ತಿಂಗಳಲ್ಲೇ ತನ್ನಿ. ರೇಟನ್ನು ಫೋನಿನಲ್ಲಿ ಕೇಳಬೇಡಿ. ವಾಟ್ಸಾಪಿನಲ್ಲಿ ಫೋಟೊ ಕಳಿಸುವುದಾದರೆ ಡೋರಿನದ್ದು ಬೇಡ, ಮಣ್ಣು ಉಜ್ಜಿದ ಮೇಲೆ ಹಿಂಜಿನದ್ದು ಕಳಿಸಿ.