ತುಕ್ಕು ಮೊದಲು ಹಿಡಿಯುವುದು ಅಂಚಿಗೆ

ಮೇ ತಿಂಗಳು ಬಂತೆಂದರೆ ತಗಡು ಕತ್ತರಿಸಿ ಕೊಡುವ ನಮ್ಮ ಶೆಡ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಕೋಲಾದವರಿಗೆ ಮನೆ ಮುಂದೆ ಮಾಡು ಇಳಿಸಬೇಕು, ಶಿರಸಿಯವರಿಗೆ ಅಡಿಕೆ ಬೇಯಿಸುವ ಜಾಗಕ್ಕೆ ಶೀಟು ಹೊದೆಸಬೇಕು. ಎಲ್ಲವೂ ಮಳೆ ಹಿಡಿಯುವುದರೊಳಗೆ ಆಗಬೇಕು. ಬಂದವರೆಲ್ಲ ಮೊದಲು ಕೇಳುವುದು ಯಾವ ಬಣ್ಣ ಇದೆ ಅಂತ. ಅಂಚು ಹೇಗೆ ಕತ್ತರಿಸುತ್ತೀರಿ ಎಂದು ಕೇಳಿದವರು ಬಹಳ ಕಡಿಮೆ. ಉಪ್ಪುಗಾಳಿಯ ಊರಿನಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ.

ಕಾಯಿಲ್, ಅಂದರೆ ತಗಡಿನ ದೊಡ್ಡ ಸುರುಳಿ, ನಮಗೆ ಬರುವುದು ತೋರಣಗಲ್ಲು ಕಡೆಯಿಂದ, ಅರಬೈಲ್ ಘಟ್ಟ ಇಳಿದು. 5 ಟನ್ನಿನ ಸುರುಳಿ, 1220 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪ ಅಂತಿಟ್ಟುಕೊಳ್ಳಿ. ಬಿಚ್ಚಿ ಹಾಸಿದರೆ ಒಂದು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಸುರುಳಿಗೆ ಬಿಗಿದು ಕಟ್ಟಿದ ಪಟ್ಟಿ ಕತ್ತರಿಸುವಾಗ ಎದುರಿಗೆ ಯಾರೂ ನಿಲ್ಲುವಂತಿಲ್ಲ. ಹೊರಸುತ್ತು ಚಿಮ್ಮಿ ಬಂದರೆ ಕೈಕಾಲು ಉಳಿಯುವುದಿಲ್ಲ.

ಸುತ್ತಿಟ್ಟ ಚಾಪೆ ಹಾಸಿದರೆ ತುದಿ ಮೇಲೇಳುತ್ತದೆ, ಅಲ್ವಾ? ಅದನ್ನು ಉಲ್ಟಾ ಸುತ್ತಿದರೆ ಸರಿಯಾಗುತ್ತದೆ. ಲೆವೆಲರ್ ಯಂತ್ರ ಮಾಡುವುದೂ ಅದನ್ನೇ. ಮೇಲೊಂದು ಕೆಳಗೊಂದು ರೋಲರುಗಳ ನಡುವೆ ತಗಡನ್ನು ಅತ್ತ ಇತ್ತ ಬಗ್ಗಿಸುತ್ತದೆ. ಮೊದಲು ಜೋರಾಗಿ, ಬರಬರುತ್ತಾ ಹಗುರಾಗಿ. ಸುಮ್ನೆ ಒತ್ತಿದರೆ ಸುರುಳಿಯ ಬಾಗು ಹೋಗುವುದಿಲ್ಲ. ಆಮೇಲೆ ಬೇಕಾದ ಉದ್ದಕ್ಕೆ ಅಡ್ಡ ಕತ್ತರಿಸಿದರೆ ಶೀಟು. ಉದ್ದಕ್ಕೆ ಸೀಳಿದರೆ ರೋಲಿಂಗ್ ಶಟರಿಗೆ ಬೇಕಾಗುವಂಥ ಪಟ್ಟಿ.

ಸೀಳುವುದು ದುಂಡನೆಯ ಎರಡು ಬ್ಲೇಡುಗಳು. ಅವುಗಳ ನಡುವಿನ ಸಂದು ತಗಡಿನ ದಪ್ಪದ ಶೇ. 5ರಿಂದ 10ರಷ್ಟಿರಬೇಕು. ಅರ್ಧ ಮಿ.ಮೀ. ತಗಡಿಗೆ ಇದು ತಲೆಗೂದಲಿಗಿಂತ ಸಪೂರ. ಸಂದು ಸರಿಯಿದ್ದರೆ ಅಂಚಿನಲ್ಲಿ ಒಂದು ಹೊಳೆಯುವ ಗೆರೆ, ಅದರ ಕೆಳಗೆ ಮಂಕಾದ ಭಾಗ, ಉದ್ದಕ್ಕೂ ಒಂದೇ ಸಮ ಕಾಣುತ್ತದೆ. ಸಂದು ಜಾಸ್ತಿಯಾದರೆ ಅಥವಾ ಬ್ಲೇಡು ಮೊಂಡಾದರೆ ಬರ್, ಅಂದರೆ ಅಂಚಿನಲ್ಲಿ ಚೂಪು ಮುಳ್ಳು, ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ. ಒಂದರ ಮೇಲೊಂದು ಪೇರಿಸಿದಾಗ ಈ ಬರ್ ಪಕ್ಕದ ಶೀಟಿನ ಬಣ್ಣ ಗೀರುತ್ತದೆ. ಉಪ್ಪುನೀರು ಹೋಗಿ ಕೂರುವುದು ಆ ಗೀರಿನಲ್ಲೇ.

ಕತ್ತರಿಸಿದ ಅಂಚಿನಲ್ಲಿ ಕಬ್ಬಿಣ ಬತ್ತಲೆ. ಅದನ್ನು ಕಾಯುವುದು ತಗಡಿನ ಎರಡೂ ಬದಿಗೆ ಲೇಪಿಸಿದ ಪಕ್ಕದ ಸತು. ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ಸತು ಇರುವುದೇ ಎಷ್ಟು? 120 ಗ್ರಾಂ ಲೇಪ ಅಂದರೆ ಒಂದು ಚದರ ಮೀಟರಿಗೆ, ಎರಡೂ ಬದಿ ಸೇರಿ. ಒಂದು ಬದಿಗೆ ಬರೀ 8 ಮೈಕ್ರಾನ್ ಚಿಲ್ಲರೆ. 275 ಗ್ರಾಮಿನದ್ದಾದರೆ 19ರಷ್ಟು. ಕಾರವಾರದ ಕಡಲದಂಡೆಗೆ 120 ಸಾಲುವುದಿಲ್ಲ, ನಾನು ಕೊಡುವುದೂ ಇಲ್ಲ. ದಪ್ಪ ಕೇಳುವಾಗಲೂ ಬಣ್ಣ ಬಿಟ್ಟು ಬರೀ ಕಬ್ಬಿಣ ಎಷ್ಟು ದಪ್ಪ ಎಂದು ಕೇಳಿ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಗ್ರೈಂಡರ್ ಕಂಡಾಗ. ಚೆನ್ನಾಗಿ ಕತ್ತರಿಸಿ ಕೊಟ್ಟ ಶೀಟನ್ನು ಮಾಡಿನ ಮೇಲೆ ಒಯ್ದು ಗ್ರೈಂಡರಿನಲ್ಲಿ ಕೊಯ್ಯುತ್ತಾರೆ. ಬಿಸಿಗೆ ಅಂಚಿನ ಸತು, ಬಣ್ಣ ಎರಡೂ ಸುಡುತ್ತವೆ. ಹಾರಿದ ಕಿಡಿಗಳು ಬಣ್ಣದಲ್ಲಿ ಹೂತುಕೊಳ್ಳುತ್ತವೆ. ಮೊದಲ ಮಳೆಗೇ ಕೆಂಪು ಚುಕ್ಕೆ. ಕೈಕತ್ತರಿ ಅಥವಾ ನಿಬ್ಲರ್ (ತಗಡನ್ನು ಚೂರುಚೂರೇ ಕಚ್ಚಿ ಕತ್ತರಿಸುವ ಸಲಕರಣೆ) ಬಳಸಿ ಎಂದು ಪ್ರತಿ ಬಿಲ್ಲಿನ ಹಿಂದೆ ಬರೆದು ಕೊಡುತ್ತೇನೆ.

ತಪ್ಪು ನನ್ನಿಂದಲೂ ಆಗಿದೆ. ಒಂದು ಜೂನಿನಲ್ಲಿ ನೆನೆದ ಕಟ್ಟನ್ನು ಹಾಗೇ ತಾಡಪಾಲಿನಡಿ ಬಿಟ್ಟೆ. ಹತ್ತು ದಿನ ಬಿಟ್ಟು ಬಿಚ್ಚಿದರೆ ಶೀಟು ಶೀಟಿನ ನಡುವೆ ಸುಣ್ಣ ಚೆಲ್ಲಿದಂತೆ ಬಿಳಿ ತುಕ್ಕು. ಗಾಳಿಯಾಡದ ಕಡೆ ನೀರು ನಿಂತರೆ ಸತು ಹೀಗೆ ಪುಡಿಯಾಗುತ್ತದೆ. ಇಡೀ ಕಟ್ಟನ್ನು ಬದಲಿಸಿ ಕೊಟ್ಟೆ. ಈಗ ನೆನೆದ ಕಟ್ಟು ಬಂದರೆ ಅವತ್ತೇ ಬಿಚ್ಚಿ, ಒಂದೊಂದೇ ಶೀಟನ್ನು ಬಟ್ಟೆಯಲ್ಲಿ ಒರೆಸಿ, ನಡುವೆ ಕಟ್ಟಿಗೆ ಪಟ್ಟಿ ಕೊಟ್ಟು ಓರೆಯಾಗಿ ನಿಲ್ಲಿಸುತ್ತೇವೆ. ಗಿರಾಕಿ ಎಷ್ಟೇ ಅವಸರ ಮಾಡಲಿ, ಒಣಗುವ ತನಕ ಕಾಯಿಸುತ್ತೇನೆ.