ಕುಕ್ಕರ್ ನಿಜವಾಗಿ ಸಿಳ್ಳೆ ಹಾಕುತ್ತದೆಯೇ?

ರೈಲು ಹಳಿಯ ಪಕ್ಕದಲ್ಲಿ, ಲೆವೆಲ್ ಕ್ರಾಸಿಂಗ್ ಬರುವುದಕ್ಕೆ ತುಸು ಮೊದಲು, ಹಳದಿ ಬಣ್ಣದ ಫಲಕವೊಂದು ನಿಂತಿರುತ್ತದೆ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಡಬ್ಲ್ಯು/ಎಲ್’ ಎಂದೂ ಹಿಂದಿಯಲ್ಲಿ ‘ಸೀ/ಫಾ’ ಎಂದೂ ಬರೆದಿರುತ್ತದೆ. ‘ಸೀ’ ಎಂದರೆ ಸೀಟಿ, ‘ಫಾ’ ಎಂದರೆ ಫಾಟಕ. ಮುಂದೆ ಗೇಟು ಇದೆ, ಸೀಟಿ ಹೊಡೆ ಎಂದು ಚಾಲಕರಿಗೆ ಕೊಡುವ ಸೂಚನೆಯದು. ಆದರೆ ಅದನ್ನು ನೋಡಿದ ಇಂದಿನ ಚಾಲಕರು ಮೊಳಗಿಸುವುದು ಸೀಟಿಯನ್ನಲ್ಲ, ಹಾರನ್ನನ್ನು. ಉಗಿಬಂಡಿಯ ಕಾಲದಲ್ಲಿ ಕಿರಿದಾದ ಸೀಳಿನಿಂದ ನುಗ್ಗಿದ ಉಗಿ ಗಂಟೆಯಾಕಾರದ ಬಟ್ಟಲಿನ ಅಂಚಿಗೆ ಬಡಿದು ಕೂಗುತ್ತಿತ್ತು. ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳಲ್ಲಿ ಒತ್ತಡದ ಗಾಳಿಯು ತೆಳುವಾದ ತಗಡೊಂದನ್ನು ಅದುರಿಸಿ ಸದ್ದು ಮಾಡುತ್ತದೆ. ಎಂಜಿನ್ ಬದಲಾದರೂ ಫಲಕದ ಮೇಲಿನ ಪದ ಹಾಗೆಯೇ ಉಳಿಯಿತು.

ಈ ಎರಡರ ವ್ಯತ್ಯಾಸ ಸಣ್ಣದಲ್ಲ. ಹಾರನ್ನು, ತಬಲ, ನಮ್ಮ ಗಂಟಲು ಇವುಗಳಲ್ಲೆಲ್ಲ ಯಾವುದೋ ಒಂದು ವಸ್ತು ಅದುರಿ ಗಾಳಿಯನ್ನು ಅದುರಿಸುತ್ತದೆ. ಸಿಳ್ಳೆಯಲ್ಲಿ ಅದುರುವುದು ಗಾಳಿಯೇ. ಕೊರಳಿನ ಮೇಲೆ ಎರಡು ಬೆರಳಿಟ್ಟುಕೊಂಡು ಮೊದಲು ಬಾಯಿ ಮುಚ್ಚಿ ಒಂದು ರಾಗವನ್ನು ಗುನುಗಿ, ಆಮೇಲೆ ಅದನ್ನೇ ಸಿಳ್ಳೆಯಲ್ಲಿ ನುಡಿಸಿ ನೋಡಿದರೆ ಇದು ಗೊತ್ತಾಗುತ್ತದೆ: ಗುನುಗುವಾಗ ಬೆರಳಿಗೆ ತಾಗುವ ಕಂಪನ ಸಿಳ್ಳೆಯ ಹೊತ್ತಿಗೆ ಇಲ್ಲವಾಗಿರುತ್ತದೆ. ತುಟಿಗಳ ನಡುವಿನ ತೂತಿನಿಂದ ಹೊರಡುವ ಗಾಳಿಯ ಎಳೆ ಸ್ಥಿರವಾಗಿರಲಾರದೆ ಸುಳಿಸುಳಿಯಾಗಿ ಒಡೆಯುತ್ತದೆ, ಆ ಸುಳಿಗಳ ಲಯವನ್ನು ಬಾಯಿಯ ಪೊಳ್ಳು ತನ್ನ ಲಯಕ್ಕೆ ಒಗ್ಗಿಸಿಕೊಳ್ಳುತ್ತದೆ. ನಾಲಿಗೆಯನ್ನು ಮುಂದಕ್ಕೆ ಸರಿಸಿದರೆ ಪೊಳ್ಳು ಕಿರಿದಾಗಿ ಸ್ವರ ಏರುತ್ತದೆ, ಹಿಂದಕ್ಕೆ ಎಳೆದುಕೊಂಡರೆ ಇಳಿಯುತ್ತದೆ.

ಬಸ್ ಕಂಡಕ್ಟರರ ವಿಷಲ್‌ನಲ್ಲೂ ಇದೇ ಕೆಲಸ ನಡೆಯುತ್ತದೆ. ಊದಿದ ಗಾಳಿ ಚೂಪಾದ ಅಂಚಿಗೆ ತಗುಲಿ, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಹೊರಳುತ್ತ, ಸೆಕೆಂಡಿಗೆ ಸಾವಿರಾರು ಸಲ ದಾರಿ ಬದಲಿಸುತ್ತದೆ. ಒಳಗಿನ ಪುಟ್ಟ ಗುಂಡು ಸದ್ದನ್ನು ಹುಟ್ಟಿಸುವುದಿಲ್ಲ. ಗಾಳಿಯ ದಾರಿಯನ್ನು ಆಗಾಗ ತಡೆದು ಸದ್ದಿಗೆ ನಡುಕ ತರುವುದಷ್ಟೇ ಅದರ ಪಾತ್ರ, ಮತ್ತು ಗದ್ದಲದ ನಡುವೆ ಕಿವಿ ಬೇಗ ಹಿಡಿಯುವುದು ಆ ನಡುಕವನ್ನೇ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ 1884ರಲ್ಲಿ ತಂದ ‘ಆಕ್ಮೆ ಥಂಡರರ್’ ಈ ಮಾದರಿಯ ಹೆಸರಾಂತ ಹಿರಿಯ.

ಕನ್ನಡ ಕೆಲಮಟ್ಟಿಗೆ ಈ ಭೇದವನ್ನು ಉಳಿಸಿಕೊಂಡಿದೆ. ತುಟಿಯಿಂದ ಬರುವುದು ಸಿಳ್ಳೆ ಅಥವಾ ಶಿಳ್ಳೆ. ಊದುವ ಸಾಧನ ಸೀಟಿ, ವಿಷಲ್, ಮಕ್ಕಳ ಕೈಯಲ್ಲಾದರೆ ಪೀಪಿ. ಆದರೂ ಹೆಸರಿಡುವ ಕೆಲಸವನ್ನು ಬಹುಪಾಲು ಕಿವಿಯೇ ಮಾಡುತ್ತದೆ. ಮಳೆಗಾಲದ ಮುಂಜಾವಿನಲ್ಲಿ ಮಲೆನಾಡಿನ ಹಳ್ಳಕೊಳ್ಳಗಳ ಬಳಿ ಯಾರೋ ಹುಡುಗ ಉಡಾಫೆಯಿಂದ ಸಿಳ್ಳೆ ಹಾಕುತ್ತ ನಡೆದಂತೆ ಕೇಳಿಸುವ ಮಲಬಾರ್ ವಿಸ್ಲಿಂಗ್ ಥ್ರಷ್ ಎಂಬ ನೀಲಿಗಪ್ಪು ಹಕ್ಕಿ, ಎಲ್ಲ ಹಾಡುಹಕ್ಕಿಗಳಂತೆಯೇ, ಶ್ವಾಸನಾಳದ ಬುಡದಲ್ಲಿರುವ ಪೊರೆಗಳನ್ನು ಅದುರಿಸಿ ಹಾಡುತ್ತದೆ.

ಇನ್ನು ನಮ್ಮ ಅಡುಗೆಮನೆ. ‘ಮೂರು ವಿಷಲ್ ಆದಮೇಲೆ ಆಫ್ ಮಾಡು’ ಎನ್ನುವಾಗ ವಿಷಲ್ ಸದ್ದಿನ ಹೆಸರಾಗಿ ಉಳಿದಿರುವುದಿಲ್ಲ, ಅಳತೆಯ ಮಾನವಾಗಿರುತ್ತದೆ. ಕುಕ್ಕರಿನ ಮುಚ್ಚಳದ ಮೇಲೆ ಕೂರುವ ತೂಕವನ್ನು ಕೈಯಲ್ಲಿ ಹಿಡಿದು ನೋಡಬೇಕು, ಅಷ್ಟು ಚಿಕ್ಕದು ಇಷ್ಟು ದೊಡ್ಡ ಒತ್ತಡವನ್ನು ತಡೆಯುವುದು ಹೇಗೆಂದು ಅಚ್ಚರಿಯಾಗುತ್ತದೆ. ಲೆಕ್ಕ ಸರಳವಾಗಿದೆ. ಉಗಿ ಹೊರಬರುವ ರಂಧ್ರದ ವಿಸ್ತೀರ್ಣ 7 ಚದರ ಮಿಲಿಮೀಟರ್ ಎಂದುಕೊಂಡರೆ, ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡವನ್ನು ತಡೆದಿಡಲು 70 ಗ್ರಾಂ ಸಾಕು. ಈ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ತೆರೆದ ಪಾತ್ರೆಯಲ್ಲಿ ಅದು 97 ಡಿಗ್ರಿಗೇ ಕುದಿದುಬಿಡುತ್ತದೆ. ತೊಗರಿಬೇಳೆ ಬೇಗ ಬೇಯುವುದಕ್ಕೆ ಕಾರಣ ಈ ಅಂತರ.

ಒತ್ತಡ ಮಿತಿ ಮೀರಿದಾಗ ತೂಕ ಮೇಲೇಳುತ್ತದೆ, ಅಡಿಯ ಕಿರಿದಾದ ಸಂದಿನಿಂದ ಉಗಿ ಅಸ್ತವ್ಯಸ್ತವಾಗಿ ನುಗ್ಗುತ್ತದೆ. ಆ ಸದ್ದಿನಲ್ಲಿ ತುಟಿಯ ಸಿಳ್ಳೆಯಂಥ ಒಂದೇ ಶುದ್ಧ ಸ್ವರ ಇರುವುದು ಕಡಿಮೆ. ನೂರೆಂಟು ಸ್ವರಗಳು ಒಟ್ಟಿಗೆ ಕಲಸಿದ ಬುಸುಗುಟ್ಟುವಿಕೆಯೇ ಹೆಚ್ಚು. ‘ಕುಕ್ಕರ್ ಕೂಗಿತು’ ಎಂಬ ಮಾತು ಹೆಚ್ಚು ನಿಖರವೆಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ.

ಅಳತೆಯಾಗಿಯೂ ವಿಷಲ್ ಸ್ವಲ್ಪ ಮೋಸಗಾರ. ಮುಚ್ಚಳ ಹಾಕಿದ ಕೂಡಲೇ ತೂಕವನ್ನೂ ಇಟ್ಟುಬಿಟ್ಟರೆ ಒಳಗಿನ ಗಾಳಿ ಹೊರಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತೂಕವನ್ನು ಎತ್ತುವುದು ಗಾಳಿ ಮತ್ತು ಉಗಿಯ ಒಟ್ಟು ಒತ್ತಡವಾದ್ದರಿಂದ, ಮೊದಲ ಕೂಗಿನ ಹೊತ್ತಿಗೆ ಒಳಗಿನ ಶಾಖ 120 ಡಿಗ್ರಿಗಿಂತ ಸಾಕಷ್ಟು ಕೆಳಗೇ ಇರಬಹುದು. ಹಬೆ ಧಾರೆಯಾಗಿ ಬಂದಮೇಲೆ ತೂಕ ಇಡಿ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಇನ್ನು ಉರಿ ದೊಡ್ಡದಿದ್ದರೆ ಕೂಗುಗಳು ಒಂದರ ಹಿಂದೊಂದು ಬಂದು ಮುಗಿಯುತ್ತವೆ, ಬೇಳೆಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಕುಕ್ಕರಿನ ಜೊತೆಗೆ ಬರುವ ಕೈಪಿಡಿಗಳು ಪೂರ್ತಿ ಒತ್ತಡ ಬಂದಮೇಲೆ ಉರಿ ತಗ್ಗಿಸಿ ಇಷ್ಟು ನಿಮಿಷ ಎಂದು ಹೇಳುತ್ತವೆಯೇ ಹೊರತು ಇಷ್ಟು ವಿಷಲ್ ಎನ್ನುವುದು ಅಪರೂಪ. ಹಾಗೆ ತಗ್ಗಿಸಿಟ್ಟ ಕುಕ್ಕರ್ ಮತ್ತೊಮ್ಮೆ ಕೂಗದೆಯೂ ಬೇಳೆಯನ್ನು ನುಣ್ಣಗೆ ಬೇಯಿಸಿರುತ್ತದೆ.