ಜನಸಾಂದ್ರತೆ, ವಲಸೆ: ಕೋಲಾರದ ಉದಾಹರಣೆಯೊಂದಿಗೆ ಟಿಪ್ಪಣಿ

ಭಾರತದ ಮಾನವ ಭೂಗೋಳ ಅಂದರೆ ನಮ್ಮಲ್ಲಿ ಬಹಳಷ್ಟು ಜನ ಮೊದಲು ಅಂಕಿಗಳನ್ನು ಉರು ಹೊಡೆಯುತ್ತಾರೆ. ಅಂಕಿ ಬೇಡ ಅನ್ನುವುದಿಲ್ಲ. 2011ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 121 ಕೋಟಿ, ಸಾಂದ್ರತೆ ಚದರ ಕಿ.ಮೀ.ಗೆ 382 ಜನ. ಬಿಹಾರದ್ದು 1,106, ಅರುಣಾಚಲದ್ದು 17, ಕರ್ನಾಟಕದ್ದು 319. 2021ರ ಗಣತಿ ನಡೆಯಲೇ ಇಲ್ಲವಾದ್ದರಿಂದ ಸದ್ಯಕ್ಕೆ ಇವೇ ಗತಿ. ಆದರೆ ಪರೀಕ್ಷೆಯಲ್ಲಿ ದೊಡ್ಡ ಅಂಕದ ಪ್ರಶ್ನೆ ಬರುವುದು ‘ಕಾರಣ ಕೊಡಿ’ ಎಂದು. ನಾವು ಎಡವುವುದೂ ಅಲ್ಲೇ.

ಪಠ್ಯದ ಉತ್ತರ ಗೊತ್ತೇ ಇದೆ: ಸಮತಟ್ಟು ನೆಲ, ಮೆಕ್ಕಲು ಮಣ್ಣು, ವರ್ಷಪೂರ್ತಿ ಹರಿಯುವ ನದಿ ಇರುವ ಕಡೆ ಜನ ಸೇರುತ್ತಾರೆ. ಗಂಗಾ ಬಯಲಿಗೆ ಇದು ಸರಿ. ಇದನ್ನೇ ಕೋಲಾರಕ್ಕೆ ಹಚ್ಚಿ ನೋಡಿ. ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ನದಿ ನಕ್ಷೆಯಲ್ಲಿ ಇದ್ದಷ್ಟು ನೆಲದ ಮೇಲೆ ಕಾಣುವುದಿಲ್ಲ. ಹಾಗಿದ್ದೂ ಜಿಲ್ಲೆಯ ಸಾಂದ್ರತೆ ಸುಮಾರು 385, ಹೆಚ್ಚುಕಡಿಮೆ ದೇಶದ ಸರಾಸರಿಯೇ. ಹೇಮಾವತಿ ನಾಲೆ ಹರಿಯುವ ತುಮಕೂರಿನದ್ದು 250ರ ಆಸುಪಾಸು. ಬರೀ ನದಿಯೇ ಕಾರಣವಾಗಿದ್ದರೆ ಲೆಕ್ಕ ಉಲ್ಟಾ ಇರಬೇಕಿತ್ತು.

ಕೋಲಾರದಲ್ಲಿ ನದಿಯ ಕೆಲಸ ಮಾಡಿದ್ದು ಕೆರೆ. ಬಿದ್ದ ಮಳೆಗೆ ಏರಿ ಕಟ್ಟಿ, ತೂಬಿನ ಕೆಳಗಿನ ಅಚ್ಚುಕಟ್ಟಿನಲ್ಲಿ ಬೆಳೆ ತೆಗೆದು, ಪಕ್ಕದಲ್ಲೇ ಊರು ಮಾಡಿಕೊಂಡರು. ಅದಕ್ಕೇ ಇಲ್ಲಿನ ಹಳ್ಳಿಗಳು ಚಿಕ್ಕವು, ಒತ್ತೊತ್ತಾಗಿವೆ. ಆಮೇಲೆ ಬಾವಿ, ಅದರ ಹಿಂದೆ ಕೊಳವೆಬಾವಿ. ಅಂತರ್ಜಲ ಪಾತಾಳ ಸೇರಿದ ಕಥೆ ಯಾರಿಗೂ ಹೊಸದಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇದೇ ಕೆರೆಗಳಿಗೆ ಬರುತ್ತಿದೆ. ಹಾಲು, ರೇಷ್ಮೆ, ಟೊಮೆಟೊ ಇರುವುದರಿಂದ ತುಂಡು ಜಮೀನಿನಲ್ಲೂ ಒಂದು ಸಂಸಾರ ಹೇಗೋ ನಡೆಯುತ್ತದೆ.

ಇನ್ನೊಂದು ಕಾರಣ ಖನಿಜ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಆರ್ಕಾಟ್ ಕಡೆಯ ತಮಿಳರು, ಚಿತ್ತೂರಿನ ತೆಲುಗರು ಕೆಲಸಕ್ಕೆ ಬಂದು ಗಣಿ ಊರಾದ ಕೆಜಿಎಫ್‌ ಬೆಳೆಯಿತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಸಂಪನ್ಮೂಲ ತೀರಿದರೆ ಊರು ಖಾಲಿ ಎಂದು ಬರೆದುಬಿಡಬೇಡಿ: ಹತ್ತು ವರ್ಷದ ನಂತರದ ಗಣತಿಯಲ್ಲೂ ಕೆಜಿಎಫ್‌ ಜನಸಂಖ್ಯೆ ಸುಮಾರು 1.6 ಲಕ್ಷ, ಜಿಲ್ಲಾ ಕೇಂದ್ರ ಕೋಲಾರಕ್ಕಿಂತ ಹೆಚ್ಚು. ಮನೆ ಇಲ್ಲೇ, ಸಂಬಳ ಬೆಂಗಳೂರಿನಲ್ಲಿ. ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಹತ್ತುವವರಿಗೆ ಸೀಟೇ ಉಳಿಸದ ಇವರು ವಲಸಿಗರೇ? ಅಲ್ಲ. ವಾಸಸ್ಥಳ ಬದಲಾಗಿಲ್ಲ. ಕೆಲಸದ ಜಾಗ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು 2011ರಲ್ಲಿ ಬೇರೆಯೇ ಪ್ರಶ್ನೆ ಕೇಳಿದ್ದರು. ಇವರು ಸಿಗುವುದು ಅಲ್ಲಿ.

ಹಾಗಾದರೆ ವಲಸಿಗರು ಯಾರು? ಜನಗಣತಿ ಎರಡು ಬಗೆಯಲ್ಲಿ ನೋಡುತ್ತದೆ: ಹುಟ್ಟಿದ ಊರು ಈಗಿನ ಊರಿಗಿಂತ ಬೇರೆಯೇ? ಹಿಂದೆ ವಾಸವಿದ್ದ ಊರು ಬೇರೆಯೇ? ಈ ಎರಡನೆಯ ಲೆಕ್ಕದಲ್ಲಿ 2011ರಲ್ಲಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು. ಸಂಖ್ಯೆ ನೋಡಿ ಎಲ್ಲರೂ ಮುಂಬೈ ರೈಲು ಹತ್ತಿದವರು ಅಂದುಕೊಳ್ಳಬೇಡಿ. ಹೆಚ್ಚಿನವರು ಹೆಂಗಸರು, ಅವರಲ್ಲಿ ಬಹುಪಾಲಿಗೆ ಕಾರಣ ಮದುವೆ. ಕೋಲಾರ ಜಿಲ್ಲೆಯ ಮುಳಬಾಗಿಲಿನವರು ಗಡಿಯಾಚೆ ಆಂಧ್ರದ ಪಲಮನೇರು, ಪುಂಗನೂರಿನ ಕಡೆಗೆ ಹೆಣ್ಣು ಕೊಟ್ಟು ತರುವುದು ಹೊಸದಲ್ಲ. ಎರಡೂ ಕಡೆ ತೆಲುಗು, ಎರಡೂ ಕಡೆ ನೆಂಟರು. ಅಲ್ಲಿಂದ ಬಂದ ಸೊಸೆ ಅಂತರರಾಜ್ಯ ವಲಸೆಗಾರ್ತಿ. ಬೀದರಿನಿಂದ ಆರುನೂರಕ್ಕೂ ಹೆಚ್ಚು ಕಿ.ಮೀ. ದಾಟಿ ಕೋಲಾರಕ್ಕೆ ವರ್ಗವಾಗಿ ಬಂದ ಮೇಷ್ಟ್ರು ರಾಜ್ಯದೊಳಗಿನ ವಲಸಿಗರು. ಗಣತಿ ಅಳೆಯುವುದು ದೂರವನ್ನಲ್ಲ, ದಾಟಿದ ಗಡಿಯನ್ನು. ಇದೊಂದು ತಲೆಯಲ್ಲಿದ್ದರೆ ವಲಸೆಯ ಕೋಷ್ಟಕ ಓದುವುದು ಸಲೀಸು.

ಕೊನೆಗೆ ಒಂದು ಎಚ್ಚರಿಕೆ. ಕೋಲಾರದ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಶುರುವಾಗಿದ್ದು 2013ರಲ್ಲಿ, ಐಫೋನ್ ಜೋಡಣೆ ಬಂದಿದ್ದು ಇನ್ನೂ ತಡವಾಗಿ. ಅಲ್ಲಿ ಬಾಡಿಗೆ ಕೋಣೆ ಹಿಡಿದಿರುವ ಹೊರ ಜಿಲ್ಲೆ, ಹೊರ ರಾಜ್ಯದ ಹುಡುಗ ಹುಡುಗಿಯರು ಮೇಲಿನ ಯಾವ ಅಂಕಿಯಲ್ಲೂ ಇಲ್ಲ. ಉತ್ತರದಲ್ಲಿ ಸಾಂದ್ರತೆ ಬರೆದಾಗ ಪಕ್ಕದಲ್ಲಿ 2011 ಎಂದು ವರ್ಷವನ್ನೂ ಬರೆಯಿರಿ.